ಟ್ಯೂಬು ಕಟ್ಟಿದ ಕೈ

ಭದ್ರಮ್ಮನಿಗೆ ಓದಲು ಬರುತ್ತಿರಲಿಲ್ಲ. ಮೈಸೂರಿನ ಡಾಕ್ಟರು ಬರೆದುಕೊಟ್ಟ ಕಾಗದವನ್ನು ಮಗಳು ಕಾವ್ಯಶ್ರೀ ಪಿರಿಯಾಪಟ್ಟಣದಿಂದ ಬಂದು ಎರಡು ಸಲ ಓದಿ ಹೇಳಿದಳು. ಹೇಳಿದ ದಿನವೇ ಭದ್ರಮ್ಮ ಹಿತ್ತಿಲಿಗೆ ಹೋಗಿ ಒಂದು ಬಿದಿರು ಕಡಿದು, ತನ್ನ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅಳೆದು, ಸರಿಯಾಗಿ ಒಂದು ಮೊಳದ ಕೋಲು ಮಾಡಿ ಗಂಡನ ಶೆಡ್ಡಿನೊಳಗೆ ನೇತುಹಾಕಿದಳು. ಓಡುತ್ತಿರುವ ಮಿಷನ್ನು ಅವನ ಎದೆಗೆ ಆ ಕೋಲಿಗಿಂತ ಹತ್ತಿರ ಬರಕೂಡದು. ಕಾಗದದಲ್ಲಿ ಇದ್ದದ್ದು ಒಂದಡಿ. ಉಳಿದ ಅರ್ಧ ಅಡಿ ಇವಳದೇ ಸೇರ್ಪಡೆ. ಗಂಡನ ಜೀವದ ಅಳತೆಯಲ್ಲಿ ಯಾರಾದರೂ ಜಿಪುಣತನ ಮಾಡುತ್ತಾರೆಯೇ!

ಚೆಲುವಯ್ಯ ಆ ಕೋಲು ನೋಡಿ ನಕ್ಕಿದ್ದ. "ಏನೇ ಇದು, ನನ್ನ ಒಡಿಯಾಕಾ?"

"ಊಂ ಮತ್ತೆ. ಮಾತು ಕೇಳ್ದಿದ್ರೆ ಒಡಿಯಾಕೂ ಆಯ್ತದೆ" ಎಂದಿದ್ದಳು ಅವಳು.

ಚೆಲುವಯ್ಯ ಹುಟ್ಟಿದ್ದು ಒಕ್ಕಲುತನದ ಮನೆಯಲ್ಲಿ. ಆದರೆ ಹದಿನಾರಕ್ಕೇ ಹುಣಸೂರಿನ ಮರದ ಡಿಪೊ ಪಕ್ಕದ ಸಾಮಿಲ್ಲು ಸೇರಿದವನು ಮತ್ತೆ ನೇಗಿಲಿನ ಕಡೆ ತಿರುಗಿ ನೋಡಲಿಲ್ಲ. ಈಗ ನಲವತ್ತೊಂಬತ್ತು. ಮನೆಯ ಹಿಂದೆಯೇ ಒಂದು ಶೆಡ್ಡು, ಅದರಲ್ಲಿ ಅವನದೇ ರಾಜ್ಯ. ಅವನು ಕೂಡಿಸಿದ ಬಾಗಿಲುವಾಡದ ಸಂದಿಯಲ್ಲಿ ಬ್ಲೇಡು ತೂರುವುದಿಲ್ಲ ಎಂದು ಹನಗೋಡಿನವರೆಗೂ ಮಾತಿತ್ತು. ಅವನಿಗೂ ಅದರ ಜಂಬ ಏನು ಕಡಿಮೆ ಇರಲಿಲ್ಲ. ಕಣ್ಣು ಮುಚ್ಚಿ ಹಲಗೆ ಸವರಿ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳುತ್ತಿದ್ದ. "ಬಾಯಿ ಬೇಕಾರೆ ಸುಳ್ಳೇಳ್ತದೆ ಕಣೆ. ನನ್ ಕೈ ಸುಳ್ಳೇಳಾಕಿಲ್ಲ" ಅನ್ನುತ್ತಿದ್ದ.

ಆ ಮನುಷ್ಯ ಎರಡು ಸಾವಿರದ ಎರಡನೇ ಇಸವಿಯ ಶಿವರಾತ್ರಿ ಕಳೆದ ಮೇಲೆ ಒಂದೇ ವಾರದಲ್ಲಿ ಮೂರು ಸಲ ಶೆಡ್ಡಿನಲ್ಲಿ ಬಿದ್ದ. ಪಿತ್ತ ಅಂದರು, ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿದರು. ಕೊನೆಗೆ ಮೈಸೂರಿಗೆ ಹೊತ್ತುಕೊಂಡು ಹೋದಾಗ ಅವನ ಹೃದಯ ನಿಮಿಷಕ್ಕೆ ಮೂವತ್ತು ಸಲ ಹೊಡೆದುಕೊಳ್ಳುತ್ತಿತ್ತು. ಎಡಗಡೆ ಕೊರಳೆಲುಬಿನ ಕೆಳಗೆ ಕುಯ್ದು, ಚರ್ಮದೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೇಸ್‌ಮೇಕರ್ ಇಟ್ಟರು. ಅಂದಿನಿಂದ ನಿಮಿಷಕ್ಕೆ ಅರವತ್ತು. ಬೆಳಿಗ್ಗೆ ಎದ್ದ ಕೂಡಲೇ ಗಂಡನ ಮಣಿಕಟ್ಟು ಹಿಡಿದು, ಗಡಿಯಾರದ ಮುಳ್ಳು ನೋಡುತ್ತಾ ಅರವತ್ತು ಎಣಿಸುವುದು ಭದ್ರಮ್ಮನ ಮೊದಲ ಕೆಲಸವಾಯಿತು. ದೇವರ ದೀಪ ಆಮೇಲೆ.

ಆಸ್ಪತ್ರೆಯಿಂದ ಹೊರಡುವಾಗ ಚೆಲುವಯ್ಯ ಕೇಳಿದ್ದು ಒಂದೇ ಮಾತು. "ಮಿಷನ್ ಮುಟ್ಬೌದಾ ಸಾ?"

ಡಾಕ್ಟರು ಒಳ್ಳೆಯವರು, ಕೂರಿಸಿಕೊಂಡು ಹೇಳಿದರು. "ನಿಮ್ಮ ಎದೆಯಲ್ಲಿರೋ ಪೆಟ್ಟಿಗೆ ಯಾವಾಗಲೂ ಹೃದಯದ ಸದ್ದು ಕೇಳ್ತಾ ಕೂತಿರುತ್ತೆ. ಹೃದಯ ತಡ ಮಾಡಿದರೆ ಒಂದು ಏಟು ಕೊಡುತ್ತೆ. ಓಡೋ ಮೋಟಾರು ಎದೆ ಹತ್ತಿರ ಬಂತು ಅಂದ್ಕೊಳ್ಳಿ, ಆ ಮೋಟಾರಿನ ಗಲಾಟೇನೇ ಹೃದಯದ ಸದ್ದು ಅಂತ ಪೆಟ್ಟಿಗೆ ಮೋಸ ಹೋಗಬಹುದು. ಹೃದಯ ತಾನೇ ಹೊಡೀತಿದೆ ಅಂತ ಸುಮ್ಮನಾಗಿಬಿಡುತ್ತೆ. ಮೋಟಾರು ದೂರ ಸರಿಸಿದರೆ ಮತ್ತೆ ಶುರು. ಅದಕ್ಕೇ ಒಂದಡಿ ದೂರ ಇರಲಿ. ಸ್ವಿಚ್ಚು ಬೆರಳಲ್ಲೇ ಒತ್ತಬೇಕು, ಬೆರಳು ಬಿಟ್ಟ ಕೂಡಲೇ ಮಿಷನ್ ನಿಲ್ಲಬೇಕು. ಕಟ್ಟಿ ಗಿಟ್ಟಿ ಇಡಬೇಡಿ. ಅರ್ತಿಂಗ್ ಸರಿಯಾಗಿರಲಿ, ವೆಲ್ಡಿಂಗ್ ಹತ್ತಿರ ಹೋಗಲೇಬೇಡಿ. ಒಬ್ಬರೇ ಕೆಲಸ ಮಾಡಬೇಡಿ. ತಲೆ ಸುತ್ತಿದರೆ ಮಿಷನ್ ಕೆಳಗಿಟ್ಟು ಆಚೆ ಬಂದುಬಿಡಿ."

ಇಷ್ಟನ್ನೂ ಕೇಳಿಕೊಂಡು ಚೆಲುವಯ್ಯನ ಮುಖ ಬಾಡಿತು. ಯಾಕೆಂದರೆ ಅವನ ಕೆಲಸವೆಲ್ಲ ಎದೆಯಲ್ಲೇ ಇತ್ತು. ಬೈರಿಗೆ ತಿರುಗಿಸುವ ಕಾಲದಿಂದ ಬಂದ ರೂಢಿ ಅದು, ಗಟ್ಟಿ ಮರಕ್ಕೆ ತೂತು ಹಾಕಬೇಕಾದರೆ ಬೈರಿಗೆಯ ಹಿಡಿಯನ್ನು ಎದೆಗೆ ಕೊಟ್ಟು ಮೈಭಾರ ಬಿಡಬೇಕು. ಡ್ರಿಲ್ಲಿಂಗ್ ಮಿಷನ್ನು ಬಂದ ಮೇಲೂ ಅವನು ಹಾಗೇ ಎದೆ ಕೊಟ್ಟೇ ಒತ್ತುತ್ತಿದ್ದ. ಇನ್ನು ಸ್ವಿಚ್ಚು ಕಟ್ಟುವುದು! ಹುಣಸೂರಿನ ಯಾವ ಮರಗೆಲಸದವನು ಕಟ್ಟುವುದಿಲ್ಲ ಹೇಳಿ. ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಡ್ರಿಲ್ಲಿನ ಸ್ವಿಚ್ಚಿನ ಮೇಲೆ ಬಿಗಿದು ಸುತ್ತಿಬಿಟ್ಟರೆ ಬೆರಳಿಗೆ ನೋವಿಲ್ಲ, ದಿನವೆಲ್ಲ ಓಡುತ್ತಿರುತ್ತದೆ.

ಆದರೂ ಅವನು ಕಲಿತ. ಹೊಟ್ಟೆಕಿಚ್ಚು ಪಡುವವನೂ ಇದನ್ನು ಹೇಳಲೇಬೇಕು, ಆ ವಯಸ್ಸಿನಲ್ಲಿ ಕೈಯ ರೂಢಿ ಬದಲಿಸಿದವನನ್ನು ನಾನಂತೂ ಇನ್ನೊಬ್ಬನನ್ನು ಕಾಣೆ. ಡ್ರಿಲ್ಲನ್ನು ಎರಡೂ ಕೈ ಚಾಚಿ ಹಿಡಿದ. ಮೂರು ಪಿನ್ನಿನ ಪ್ಲಗ್ಗು ಹಾಕಿಸಿದ. ಟ್ಯೂಬಿನ ಪಟ್ಟಿಯನ್ನು ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿದ. ಅವನು ಮಿಷನ್ನು ಹಿಡಿದಷ್ಟು ಹೊತ್ತೂ ಭದ್ರಮ್ಮ ಗೋಡೆಯ ಸ್ವಿಚ್ಚಿನ ಪಕ್ಕ ನಿಂತಿರುತ್ತಿದ್ದಳು. ಹೊರಗಿನವರಿಗೆ ಮಾತ್ರ ಗುಟ್ಟು ಬಿಟ್ಟುಕೊಡಲಿಲ್ಲ. ಎದೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡವನ ಕೈಗೆ ಮನೆಯ ಬಾಗಿಲು ಯಾರು ಕೊಡುತ್ತಾರೆ?

ನಿಜ ಹೇಳಬೇಕೆಂದರೆ ಭದ್ರಮ್ಮನಿಗೆ ಇದಾವುದೂ ಬೇಡವಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಗಂಡ, ಅವನು ಮಾಡುವ ಬಾಗಿಲಲ್ಲ. ಮಿಷನ್ನು ಗುಂಯ್ ಎಂದು ಶುರುವಾದ ಕೂಡಲೇ ಅವಳ ಕೈ ಗೋಡೆಯ ಸ್ವಿಚ್ಚಿನ ಮೇಲೆ ಹೋಗಿ ಕೂರುತ್ತಿತ್ತು. ಎಷ್ಟು ಸಲ ಕಾಲು ಹಿಡಿದಳೋ. "ಬುಟ್ಬುಡಿ ಕಣ್ರೀ. ನಾನು ನಾಕ್ ಮನೆ ಕೆಲ್ಸ ಮಾಡ್ಯಾದ್ರೂ ಸಾಕ್ತೀನಿ."

"ಮಿಷನ್ ಬುಡು ಅಂದ್ರೆ ಉಸ್ರು ಬುಡು ಅಂದಂಗೆ ಕಣೆ ಭದ್ರಿ" ಎಂದು ಅವನು ತಲೆ ಕೊಡವುತ್ತಿದ್ದ. ಹೀಗೆ ಏಳು ತಿಂಗಳು ಕಳೆಯಿತು.

ಹನಗೋಡಿನಲ್ಲಿ ವಸಂತ ಎಂಬುವನು ಮನೆ ಕಟ್ಟುತ್ತಿದ್ದ. ಅವನ ಮನೆಯ ಮುಂಬಾಗಿಲು ಚೆಲುವಯ್ಯನದು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ನಿಲ್ಲಿಸುವ ಮುಹೂರ್ತ. ಬಾಗಿಲುವಾಡಕ್ಕೆ ಪೂಜೆ ಮಾಡಿ, ಮಾಡಿದವನ ಕೈಯಿಂದಲೇ ಕೊನೆಯ ಬೆಣೆ ಹೊಡೆಸಿ, ಅವನಿಗೆ ಪಂಚೆ, ಎಲೆ ಅಡಿಕೆ ಕೊಟ್ಟು ಕಳಿಸುವುದು ಪದ್ಧತಿ. ಸೋಮವಾರದ ಹೊತ್ತಿಗೆ ಆ ಬಾಗಿಲುವಾಡಕ್ಕೆ ಇನ್ನೂ ಇಪ್ಪತ್ತು ತೂತು ಬಾಕಿ ಇದ್ದವು. ಆವತ್ತೇ ಕರೆಂಟು ಕೈಕೊಟ್ಟಿತು.

ಇಲ್ಲಿ ಆ ಬೀದಿಯ ಒಂದು ಅಭ್ಯಾಸ ಹೇಳಬೇಕು. ಕರೆಂಟು ಹೋದರೆ ಅಲ್ಲಿ ಯಾರೂ ಸ್ವಿಚ್ಚು ಆರಿಸುತ್ತಿರಲಿಲ್ಲ. ಆರಿಸಿಬಿಟ್ಟರೆ ಮತ್ತೆ ಬಂದದ್ದು ತಿಳಿಯುವುದು ಹೇಗೆ! ಕ್ಷೌರದಂಗಡಿಯವನು ರೇಡಿಯೊ ಹಾಕಿಟ್ಟಿರುತ್ತಿದ್ದ, ಎದುರುಮನೆ ಸುನಂದಮ್ಮ ಖಾಲಿ ಮಿಕ್ಸಿ ತಿರುಗಿಸಿಟ್ಟು ಕೊಳದ ಕಡೆ ಹೊರಟುಬಿಡುತ್ತಿದ್ದಳು. ಕರೆಂಟು ಬಂದರೆ ಇಡೀ ಬೀದಿ ಒಟ್ಟಿಗೆ ಬಾಯಿ ಬಿಡುತ್ತಿತ್ತು. ಚೆಲುವಯ್ಯನ ಮನೆಯಲ್ಲಿ ಹದಿನೈದು ವರ್ಷದಿಂದ ಆ ಕೆಲಸ ಡ್ರಿಲ್ಲಿನದು. ತುದಿಯ ಮೊನೆ ಬಿಚ್ಚಿ, ಸ್ವಿಚ್ಚಿಗೆ ಟ್ಯೂಬು ಸುತ್ತಿ, ಕೆಲಸದ ಹಲಗೆಯ ಮೇಲೆ ಮಲಗಿಸಿಬಿಟ್ಟರೆ ಸರಿ, ಕರೆಂಟು ಬಂದಾಗ ಅದೇ ಕೂಗಿ ಕರೆಯುತ್ತಿತ್ತು. ಪೆಟ್ಟಿಗೆ ಇಟ್ಟ ಮೇಲೆ ಅದು ನಿಂತಿತ್ತು. ನಿಂತ ಮೇಲೆ ಹಿಂದಿನ ಶೆಡ್ಡಿನಲ್ಲಿ ಕೂತವರಿಗೆ ಕರೆಂಟು ಬಂದು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಸೋಮವಾರ ಹಾಗೇ ಆಯಿತು. ಬೆಳಿಗ್ಗೆ ಹೋದ ಕರೆಂಟು ಹನ್ನೊಂದಕ್ಕೆ ಬಂದು ಹೋಗಿತ್ತಂತೆ. ಸುನಂದಮ್ಮ ಬಂದು ಹೇಳಿದಾಗ ಚೆಲುವಯ್ಯ ಹಣೆ ಚಚ್ಚಿಕೊಂಡ. ಊಟ ಮಾಡಿ, ಶೆಡ್ಡಿನ ಉದ್ದನೆಯ ಕೆಲಸದ ಹಲಗೆಯ ಮೇಲೆ ಗೋಣಿಚೀಲ ಹಾಸಿ ಮಲಗಿದ. ಮಲಗಿದವನಿಗೆ ಹಾಗೇ ನಿದ್ದೆ ಹತ್ತಿತು.

ಭದ್ರಮ್ಮ ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದಳು. ಮತ್ತೆ ಕರೆಂಟು ತಪ್ಪಿಹೋದರೆ ಇವನಿಗೆ ಅವಸರವಾಗುತ್ತದೆ. ಅವಸರವಾದರೆ ಕೈ ಚಾಚಿ ಹಿಡಿಯುವುದು ಮರೆತು ಎದೆ ಕೊಡುತ್ತಾನೆ. ಅದಕ್ಕಿಂತ ಕರೆಂಟು ಬಂದ ಕೂಡಲೇ ತಿಳಿದರೆ ನಿಧಾನವಾಗಿ ಮಾಡಿಕೊಂಡಾನು. ಅವಳು ಒಳಗೆ ಬಂದು ಮೊಳೆಯಲ್ಲಿದ್ದ ಟ್ಯೂಬಿನ ಪಟ್ಟಿ ತೆಗೆದಳು. ಗಂಡ ಕಟ್ಟುವುದನ್ನು ಹದಿನೈದು ವರ್ಷ ನೋಡಿದವಳಿಗೆ ಅದೇನು ಕಷ್ಟ? ತುದಿಯ ಮೊನೆ ಬಿಚ್ಚಿಟ್ಟು, ಬಿಗಿಯಾಗಿ ಮೂರು ಸುತ್ತು ಸುತ್ತಿ ಗಂಟು ಹಾಕಿದಳು. ಗೋಡೆಯ ಸ್ವಿಚ್ಚು ಒತ್ತಿದಳು. ಆಮೇಲೆ ಮೊಳದ ಕೋಲು ತಂದು, ಅವನ ಕಾಲಿನಿಂದ ಆಚೆಗೆ ಒಂದು ಮೊಳ ಅಳೆದು, ಹಲಗೆಯ ತುದಿಯಲ್ಲಿ ಡ್ರಿಲ್ಲನ್ನು ಇಟ್ಟಳು. ಕಾಲಿನಿಂದಲೇ ಒಂದು ಮೊಳ ಅಂದರೆ ಎದೆ ಇನ್ನೆಲ್ಲಿ ಬಂತು! ಸಮಾಧಾನದಿಂದ ಅಡುಗೆಮನೆಗೆ ಹೋದಳು.

ಅವಳು ಅಳೆದದ್ದು ಸರಿಯಾಗಿಯೇ ಇತ್ತು. ಆದರೆ ಬಿಸಿಲು ಹೊರಳಿ ಹೆಂಚಿನ ಸಂದಿಯಿಂದ ಮುಖಕ್ಕೆ ಬಿದ್ದಾಗ, ಮಲಗಿದವನು ಅರೆನಿದ್ದೆಯಲ್ಲಿ ಎದ್ದು ತಲೆಯನ್ನು ಆಚೆ ತುದಿಗೆ ಮಾಡಿ ಮಲಗುತ್ತಾನೆಂದು ಯಾವ ಕೋಲು ಹೇಳೀತು? ಬೋರಲು ಮಲಗಿದವನು ಕೈಗೆ ಸಿಕ್ಕ ಡ್ರಿಲ್ಲನ್ನು ದಿಂಬಿನ ಹಾಗೆ ತಬ್ಬಿಕೊಂಡಿದ್ದ. ಎಷ್ಟೆಂದರೂ ಅವನದೇ ಮಿಷನ್ನು ತಾನೆ, ನಿದ್ದೆಗಣ್ಣಿನಲ್ಲೂ ಕೈ ಅದನ್ನು ಗುರುತು ಹಿಡಿದಿತ್ತು.

ಎರಡೂಮುಕ್ಕಾಲಿಗೆ ಕರೆಂಟು ಬಂತು. ಎದುರುಮನೆಯ ಮಿಕ್ಸಿ ಕಿರುಚಿತು, ಹಿಂದೆ ಶೆಡ್ಡಿನಿಂದ ಗುಂಯ್ ಎಂಬ ಸದ್ದು ಬಂತು. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಭದ್ರಮ್ಮನ ಮುಖ ಅರಳಿತು. ಬಂತಲ್ಲ ಸದ್ಯ! ಇನ್ನೇನು ಎದ್ದು ಟ್ಯೂಬು ಬಿಚ್ಚುತ್ತಾನೆ, ಬಿಚ್ಚುತ್ತಾ ನನಗೆ ಬಯ್ಯುತ್ತಾನೆ, ಬಯ್ದುಕೊಳ್ಳಲಿ ಎಂದುಕೊಂಡಳು. ಸಿಪ್ಪೆ ಬಾಚಿ ಪಕ್ಕಕ್ಕೆ ಹಾಕಿದಳು. ಸದ್ದು ಕೇಳುತ್ತಲೇ ಇತ್ತು. ಶುರು ಮಾಡಿಕೊಂಡನೇನೋ, ನನ್ನನ್ನು ಕೂಗಲೇ ಇಲ್ಲವಲ್ಲ ಎಂದು ಕೋಪ ಬಂತು. ಕೈ ಒರೆಸಿಕೊಳ್ಳುತ್ತಾ ಎದ್ದಳು.

ಎದ್ದವಳು ಅಲ್ಲೇ ನಿಂತಳು. ಡ್ರಿಲ್ಲು ಮರ ಕಚ್ಚಿದರೆ ಸದ್ದು ಕುಗ್ಗುತ್ತದೆ, ಬಿಟ್ಟರೆ ಏರುತ್ತದೆ. ಏಳು ತಿಂಗಳು ಸ್ವಿಚ್ಚಿನ ಪಕ್ಕ ನಿಂತವಳಿಗೆ ಅದು ಗೊತ್ತು. ಈ ಸದ್ದು ಕುಗ್ಗುತ್ತಿರಲಿಲ್ಲ, ಏರುತ್ತಲೂ ಇರಲಿಲ್ಲ. ಒಂದೇ ಸಮ ಇತ್ತು.

ಅಯ್ಯೋ ನನ್ನಪ್ಪ! ಮೊರ ಎಡವಿ, ಕಾಳೆಲ್ಲ ಚೆಲ್ಲಿ ಅವಳು ಓಡಿದಳು. ಶೆಡ್ಡಿನಲ್ಲಿ ಗಂಡ ಡ್ರಿಲ್ಲಿನ ಮೇಲೆ ಬೋರಲು ಬಿದ್ದಿದ್ದ. ಒಂದು ಕೈ ಕೆಳಗೆ ಜೋಲುತ್ತಿತ್ತು. ಅವನ ಎದೆಯ ಕೆಳಗಿಂದ ಮಿಷನ್ನು ಕೂಗುತ್ತಿತ್ತು. ಭದ್ರಮ್ಮ ಗೋಡೆಯ ಸ್ವಿಚ್ಚು ಬಡಿದು, ಅವನನ್ನು ಹೊರಳಿಸಿ, ಡ್ರಿಲ್ಲನ್ನು ವೈರು ಸಮೇತ ಎಳೆದು ಮೂಲೆಗೆಸೆದಳು. ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. "ರೀ! ರೀ!" ಎಂದು ಕೆನ್ನೆ ತಟ್ಟಿದಳು. ಮಣಿಕಟ್ಟು ಹಿಡಿದಳು. ಬೆರಳಿಗೆ ಏನೂ ತಾಗಲಿಲ್ಲ. ಆಮೇಲೆ ಒಂದು. ಆಮೇಲೆ ಅವಳ ಜೀವ ಬಾಯಿಗೆ ಬರುವಷ್ಟು ಹೊತ್ತು ಏನೂ ಇಲ್ಲ, ಮತ್ತೆ ಒಂದು. ದೇವರೇ, ನಮ್ಮಪ್ಪಾ, ಬೇರೇನೂ ಕೇಳಾಕಿಲ್ಲ, ಅರವತ್ತು ಕೊಡು ಸಾಕು. ಅವಳು ಬಾಯಿಬಿಟ್ಟೇ ಹಾಗೆ ಅಳುತ್ತಿದ್ದಳು.

ಆಗ ಬೆರಳ ಕೆಳಗೆ ಅದು ಶುರುವಾಯಿತು. ಒಂದು, ಎರಡು, ಮೂರು, ನಾಲ್ಕು. ಪೆಟ್ಟಿಗೆ ತನ್ನ ಕೆಲಸಕ್ಕೆ ಕೂತಿತ್ತು. ಹದಿನೇಳನೆಯದಕ್ಕೆ ಚೆಲುವಯ್ಯ ಕಣ್ಣು ಬಿಟ್ಟ.

ಅವನು ಸ್ವಲ್ಪ ಹೊತ್ತು ಹೆಂಚು ನೋಡಿದ, ಅವಳ ಮುಖ ನೋಡಿದ, ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಡ್ರಿಲ್ಲು ನೋಡಿದ. ಅದರ ಸ್ವಿಚ್ಚಿನ ಮೇಲೆ ಕರಿ ಟ್ಯೂಬಿನ ಮೂರು ಸುತ್ತು ಹಾಗೇ ಇದ್ದವು.

"ಟ್ಯೂಬ್ ಯಾರು ಕಟ್ಟಿದ್ದು?" ಎಂದ.

ಭದ್ರಮ್ಮ ಬಾಯಿ ತೆರೆದಳು.

"ನಾನೇ ಕಟ್ಟಿರ್ಬೇಕು" ಎಂದ ಅವನು, ತನಗೆ ತಾನೇ. "ಮಂಪರಲ್ಲಿ ಎದ್ದಿದ್ದೆ ಕಣೆ. ಹಳೇ ರೂಢಿ. ಕೈ ತಾನಾಗೇ ಕಟ್ಬುಟ್ಟದೆ. ನಂಗೆ ತಿಳೀದಂಗೆ ಕಟ್ಬುಟ್ಟದೆ." ಎರಡೂ ಕೈ ಮುಖದ ಮುಂದೆ ಎತ್ತಿ ನೋಡಿಕೊಂಡ. "ಇನ್ನು ಮಿಷನ್ ಮುಟ್ಟಾಕಿಲ್ಲ ಬುಡು ಭದ್ರಿ. ಈ ಕೈ ನಂಬಂಗಿಲ್ಲ."

ತೆರೆದ ಬಾಯನ್ನು ಭದ್ರಮ್ಮ ಮುಚ್ಚಿಕೊಂಡಳು. ಏಳು ತಿಂಗಳಿಂದ ಅವಳು ಕಂಡಕಂಡ ದೇವರ ಮುಂದೆ ಸೆರಗೊಡ್ಡಿ ಬೇಡಿದ್ದು ಅದೇ ಮಾತು. ಅದು ಈಗ ಅವನ ಬಾಯಿಂದಲೇ ಬಂದಿತ್ತು. ಅವಳನ್ನು ಏನು ಬೇಕಾದರೂ ಅನ್ನಿ, ಆ ಗಳಿಗೆಯಲ್ಲಿ ಯಾವ ಹೆಂಗಸು ಬಾಯಿ ಬಿಟ್ಟಾಳು?

ಮಂಗಳವಾರ ಮೊದಲ ಬಸ್ಸಿಗೇ ಮೈಸೂರಿಗೆ ಹೋದರು. ಡಾಕ್ಟರು ಎದೆಯ ಮೇಲೆ ಏನನ್ನೋ ಇಟ್ಟು, ಪರದೆ ನೋಡಿ, ಪೆಟ್ಟಿಗೆಗೆ ಏನೂ ಆಗಿಲ್ಲ ಎಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು. "ಸ್ವಿಚ್ಚು ಕಟ್ಟಬೇಡಿ ಅಂತ ಹೇಳಿದ್ದೆನಲ್ಲ. ಯಾರು ಕಟ್ಟಿದ್ದು?"

"ನಾನೇ ಸಾ" ಎಂದ ಚೆಲುವಯ್ಯ, ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿ. ಪಕ್ಕದಲ್ಲಿ ಭದ್ರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು.

"ಕೆಲಸ ಬಿಡಿ ಅಂತ ನಾನು ಹೇಳಲ್ಲ. ನಿಯಮ ಬಿಡಬೇಡಿ. ಇಷ್ಟು ದಿನ ಏನೂ ಆಗಿರಲಿಲ್ಲ ತಾನೆ? ಹಾಗೇ ಮಾಡಿ."

"ಬ್ಯಾಡ ಸಾ. ನಾನು ಮಾಡ್ಬ್ಯಾಡ ಅಂದ್ರೂ ಕೈ ಕೇಳ್ತಿಲ್ಲ."

ವಾಪಸು ಬರುವಾಗ ಅವನು ಕಿಟಕಿ ಪಕ್ಕ ಕೂತು ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಗಂಡ ಉಳಿದನಲ್ಲ, ಇನ್ನು ಎಂದೆಂದಿಗೂ ಉಳಿಯುತ್ತಾನಲ್ಲ ಎಂದು ಭದ್ರಮ್ಮ ತನಗೆ ತಾನೇ ಹೇಳಿಕೊಂಡಳು. ಬಿಳಿಕೆರೆ ದಾಟುವವರೆಗೆ ಹೇಳಿಕೊಳ್ಳುತ್ತಲೇ ಇದ್ದಳು.

ಆದರೆ ಬುಧವಾರ ಬೇರೆಯೇ ಒಂದು ಶುರುವಾಯಿತು. ಬೆಳಿಗ್ಗೆ ಗಡ್ಡ ಕೆರೆಯಲು ಕೂತವನು ಬ್ಲೇಡನ್ನು ಕೆನ್ನೆಯ ಹತ್ತಿರ ತಂದು, ತಡೆದು, ಹಾಗೇ ಕೆಳಗಿಟ್ಟ. ನೊರೆ ಮುಖದಲ್ಲೇ ಒಣಗಿತು. ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಬಂದು, "ಲೇ, ನಾನು ಮಾತ್ರೆ ತಕಂಡ್ನಾ?" ಎಂದು ಕೇಳಿದ. ನೀರೊಲೆಗೆ ಸೌದೆ ಇಟ್ಟು ಬಂದವನು ಮೂರು ಸಲ ಎದ್ದು ಹೋಗಿ ನೋಡಿದ, ಬೆಂಕಿ ಸೂರಿಗೆ ಹತ್ತಿಸಿಬಿಟ್ಟೆನೋ ಎಂದು. ಬಾಗಿಲಿಗೆ ಅಗುಳಿ ಹಾಕಿ, "ಆಕಿದೀನಾ ನೋಡೇ" ಎಂದು ಅವಳನ್ನು ಕರೆದ. ಸಂಜೆ ಅವಳು ಸುಮ್ಮನೆ ಮನಸ್ಸು ಬದಲಾಗಲಿ ಎಂದು, "ಈ ಮಣೆ ಕಾಲು ಅಲ್ಲಾಡ್ತದೆ, ಒಂದು ಮೊಳೆ ಒಡೀರಿ" ಎಂದರೆ, "ಬ್ಯಾಡ ಕಣೆ, ನಿಂಗೆ ಗಿಂಗೆ ತಗಲ್ಸ್‌ಬುಟ್ಟೇನು" ಎಂದು ಸುತ್ತಿಗೆಯನ್ನೂ ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತು, ಕೈ ಎರಡನ್ನೂ ಕಂಕುಳಿಗೆ ಸಿಕ್ಕಿಸಿಕೊಂಡಿದ್ದ. ಯಾರದೋ ಕೈಗಳನ್ನು ತಂದು ತನಗೆ ಕಟ್ಟಿಬಿಟ್ಟಿದ್ದಾರೆ ಎಂಬಂತೆ ಕೂತಿದ್ದ.

ಭದ್ರಮ್ಮ ಅವನ ಪಕ್ಕ ಹೋಗಿ ಕೂತಳು. ಹೇಳಿಬಿಡಲೇ? ಹೇಳಿದರೆ ನಾಳೆಯೇ ಮಿಷನ್ನು ಹಿಡಿಯುತ್ತಾನೆ. ಮತ್ತೆ ಆ ಸದ್ದು, ಮತ್ತೆ ಆ ಬೂದಿಬಣ್ಣದ ಮುಖ. ಹೇಳದಿದ್ದರೆ ಬದುಕಿರುತ್ತಾನೆ. ಹೇಗೆ ಬದುಕಿರುತ್ತಾನೆ ಎಂಬುದನ್ನು ಕಣ್ಣಾರೆ ನೋಡುತ್ತಿದ್ದಳು. ಗುರುವಾರ ಬೆಳಿಗ್ಗೆ ನಾಡಿ ಎಣಿಸುವಾಗ ಅರವತ್ತು ಸರಿಯಾಗೇ ಬಂತು. ಹಿಡಿದ ಕೈ ಮಾತ್ರ ಹಸಿ ಮಣ್ಣಿನ ಹಾಗೆ ಅವಳ ಕೈಯಲ್ಲಿ ಬಿದ್ದುಕೊಂಡಿತ್ತು, ಅದರಲ್ಲಿ ಒಂದಿಷ್ಟೂ ಬಿಗಿ ಇರಲಿಲ್ಲ.

ಗುರುವಾರ ಹತ್ತು ಗಂಟೆಗೆ ವಸಂತ ಲಗೇಜು ಆಟೊ ತೆಗೆದುಕೊಂಡು ಬಂದ. ಚೆಲುವಯ್ಯ ಅವನಿಗೆ ಸುನಂದಮ್ಮನ ಮನೆಯಿಂದ ಫೋನು ಮಾಡಿಸಿ, ಬಾಗಿಲುವಾಡ ಬೇರೆಯವರ ಕೈಲಿ ಮುಗಿಸಿಕೊ ಎಂದು ಹೇಳಿಸಿದ್ದ. ಪಾಪ, ಹುಡುಗ ಕಂಗಾಲಾಗಿದ್ದ.

"ಏನ್ ಚೆಲುವಣ್ಣ ಇದು? ಬೆಳಗಾದ್ರೆ ಮುಹೂರ್ತ. ಈಗ ಯಾರ್ ಸಿಕ್ತಾರೆ? ನೀನೇ ಬೆಣೆ ಒಡೀಬೇಕು ಅಂತ ನಮ್ಮವ್ವ ಪಂಚೆ ತಂದಿಟ್ಟವ್ಳೆ."

"ಸಾಮಿಲ್ಲಲ್ಲಿ ಕೇಳು, ಯಾರಾದ್ರೂ ಸಿಕ್ತಾರೆ. ನಂದು ಕೈ ಓಯ್ತು ಕಣಪ್ಪ."

"ಕೈಗೇನಾಯ್ತು? ಚೆನ್ನಾಗೇ ಅವಲ್ಲ!"

ಚೆಲುವಯ್ಯ ಎದ್ದು ಶೆಡ್ಡಿಗೆ ಹೋದ. ಬರುವಾಗ ಹಳೇ ಲುಂಗಿಯಲ್ಲಿ ಸುತ್ತಿದ ಡ್ರಿಲ್ಲು ಅವನ ಕೈಲಿತ್ತು. ಅದನ್ನು ಆಟೊದ ಹಿಂದೆ, ಆಗಲೇ ಏರಿಸಿದ್ದ ಬಾಗಿಲುವಾಡದ ಮರದ ಪಕ್ಕ ಇಟ್ಟ. "ಇದ್ನೂ ತಕಂಡೋಗು. ಯಾರು ಮುಗಿಸ್ಕೊಡ್ತಾರೋ ಅವ್ರಿಗೆ ಕೊಟ್ಬುಡು. ಒಳ್ಳೇ ಮಿಷನ್ನು, ಏಟು ತಿಂದಿಲ್ಲ" ಎಂದ. ಅವನ ದನಿಯಲ್ಲಿ ಅಳುವೂ ಇರಲಿಲ್ಲ, ಕೋಪವೂ ಇರಲಿಲ್ಲ.

ಭದ್ರಮ್ಮ ಇಬ್ಬರಿಗೂ ಕಾಫಿ ತಂದಳು. ವಸಂತ ಲೋಟ ತೆಗೆದುಕೊಂಡ. ಚೆಲುವಯ್ಯ ಎರಡೂ ಕೈಯಲ್ಲಿ ಲೋಟ ಹಿಡಿದು, ಬಾಯಿಯ ಹತ್ತಿರ ತರುವಾಗ ಕೈ ನಡುಗಿತು. ಕಾಫಿ ತುಳುಕಿ ಪಂಚೆಯ ಮೇಲೆ ಬಿತ್ತು. ಅವನು ಲೋಟವನ್ನು ಜಗಲಿಯ ಮೇಲಿಟ್ಟು, "ನೋಡ್ದಾ?" ಎಂದು ವಸಂತನ ಮುಖ ನೋಡಿ ನಕ್ಕ. ಭದ್ರಮ್ಮ ಅವನ ಕೈಗಳನ್ನೇ ನೋಡಿದಳು. ಬ್ಲೇಡು ತೂರದ ಹಾಗೆ ಮರ ಕೂಡಿಸಿದ ಕೈ ಅದು. ಅದನ್ನು ಮುರಿದವಳು ಅವಳು. ಮುರಿದು, ನಾಲ್ಕು ದಿನ ಸುಮ್ಮನೆ ಕೂತು ನೋಡಿದವಳೂ ಅವಳೇ.

"ನಾನು ಕಣ್ರೀ" ಎಂದಳು.

ಇಬ್ಬರೂ ತಿರುಗಿ ನೋಡಿದರು.

"ಟ್ಯೂಬ್ ಕಟ್ಟಿದ್ದು ನಾನು. ನೀವು ಮಲಗಿದ್ರಿ. ಕರೆಂಟ್ ಬಂದದ್ದು ತಿಳೀಲಿ ಅಂತ ನಾನೇ ಕಟ್ಟಿ, ಕಾಲ್ದೆಸೆ ಮಡಗಿ ಓಗಿದ್ದೆ. ಕೋಲಾಕಿ ಅಳ್ದೇ ಮಡಗಿದ್ದೆ. ನೀವು ಆ ಕಡೆ ತಿರುಕ್ಕಂಡ್ ಮಲಗ್ತೀರಿ ಅಂತ ನಂಗೇನ್ ಗೊತ್ತು? ನಿಮ್ ಕೈ ಏನೂ ಮಾಡಿಲ್ಲ ಕಣ್ರೀ. ಪಾಪಿ ಕೈ ನಂದು." ಅವಳು ತನ್ನ ಕೈಗಳಿಂದ ತಲೆ ತಲೆ ಚಚ್ಚಿಕೊಂಡಳು.

ಚೆಲುವಯ್ಯ ಬೆರಳು ಮಡಿಸಿ ದಿನ ಎಣಿಸಿದ. "ನಾಕ್ ದಿನ ಆಯ್ತಲ್ಲೇ" ಎಂದ ಕೊನೆಗೆ. ದನಿ ಬಹಳ ಮೆಲ್ಲಗಿತ್ತು. "ಡಾಕ್ಟ್ರ ಮುಂದೆ ನಾನು ತಲೆ ತಗ್ಗಿಸ್ಕಂಡ್ ಕೂತಿದ್ನಲ್ಲೇ. ನೀನು ಪಕ್ಕದಲ್ಲೇ ಇದ್ದೆ."

"ಮಿಷನ್ ಬುಟ್ರೆ ಬದುಕ್ತೀರಿ ಅಂತ..." ಅವಳು ಅಳತೊಡಗಿದಳು.

"ಇದ್ಕೆ ಬದುಕು ಅಂತಾರಾ?" ಎಂದ ಅವನು. ಕೇಳಿದ್ದು ಅವಳನ್ನಲ್ಲ, ಜಗಲಿಯ ಮೇಲಿದ್ದ ಕಾಫಿ ಲೋ‌ಟವನ್ನು ಅನ್ನಿಸಿತು.

ವಸಂತನಿಗೆ ತಲೆಬುಡ ತಿಳಿಯಲಿಲ್ಲ. "ಏನಣ್ಣ ಇದು? ಯಾವ ಡಾಕ್ಟ್ರು?" ಎಂದ. ಚೆಲುವಯ್ಯ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಎಡಗಡೆ ಚರ್ಮದ ಕೆಳಗೆ ಉಬ್ಬಿದ್ದ ಪೆಟ್ಟಿಗೆಯನ್ನೂ ಹೊಲಿಗೆಯ ಗುರುತನ್ನೂ ತೋರಿಸಿದ. ಏಳು ತಿಂಗಳು ಕಾಪಾಡಿಕೊಂಡ ಗುಟ್ಟು ಎರಡು ಗುಂಡಿಗೆ ಮುಗಿದುಹೋಯಿತು. "ಇದ್ರಲ್ಲಿ ಬ್ಯಾಟ್ರಿ ಐತೆ. ಇಂಥೋನ್ ಕೈಲಿ ಮುಂಬಾಗ್ಲು ಬ್ಯಾಡ ಅಂದ್ರೆ ಈಗ್ಲೇ ಬಾಯ್ಬುಟ್ಟು ಏಳು, ಬೇಜಾರಿಲ್ಲ."

ವಸಂತ ಪೆಟ್ಟಿಗೆ ನೋಡಿದ, ಅಳುತ್ತಿದ್ದ ಭದ್ರಮ್ಮನನ್ನು ನೋಡಿದ, ಆಟೊದಲ್ಲಿದ್ದ ಮರ ನೋಡಿದ. "ಇನ್ನೆಷ್ಟು ತೂತು ಐತಣ್ಣ?" ಎಂದಷ್ಟೇ ಕೇಳಿದ.

"ಇಪ್ಪತ್ತು."

ಚೆಲುವಯ್ಯ ಆಟೊದ ಹತ್ತಿರ ಹೋಗಿ ಡ್ರಿಲ್ಲು ತೆಗೆದುಕೊಂಡ. ಅದಕ್ಕೆ ಸುತ್ತಿದ್ದ ಲುಂಗಿ ಬಿಚ್ಚಿದ. ಸ್ವಿಚ್ಚಿನ ಮೇಲೆ ಟ್ಯೂಬು ಇನ್ನೂ ಹಾಗೇ ಇತ್ತು. ಅವನು ಗಂಟಿನ ಮೇಲೆ ಬೆರಳಿಟ್ಟು ನೋಡಿ, ಒಂದೊಂದೇ ಸುತ್ತು ಬಿಚ್ಚಿದ. ಅವನು ಕಟ್ಟುವ ಗಂಟಲ್ಲ ಅದು, ಹೆಂಗಸರು ಹೂವಿನ ದಾರಕ್ಕೆ ಹಾಕುವ ಗಂಟು. ಇದನ್ನು ಅವನು ಸೋಮವಾರವೇ ಬಿಚ್ಚಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡುವ ಧೈರ್ಯವಿರಲಿಲ್ಲ ಅವನಿಗೆ. ಪಟ್ಟಿಯನ್ನು ನೀರೊಲೆಗೆ ಎಸೆದ. ಸುಟ್ಟ ರಬ್ಬರಿನ ಕಮಟು ಅಂಗಳದ ತುಂಬ ಹರಡಿತು.

ಮೂವರೂ ಸೇರಿ ಮರವನ್ನು ಮತ್ತೆ ಶೆಡ್ಡಿಗೆ ಹೊತ್ತರು. ಚೆಲುವಯ್ಯ ಮೊಳದ ಕೋಲು ತಂದು, ಒಂದು ತುದಿಯನ್ನು ತನ್ನ ಎದೆಗೂ ಇನ್ನೊಂದನ್ನು ಮರಕ್ಕೂ ಕೊಟ್ಟು ನಿಂತು, ಅಳತೆ ನೋಡಿಕೊಂಡ. ಆಮೇಲೆ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದ ಹೆಂಡತಿಯ ಕಡೆ ನೋಡಿದ.

"ನಡಿ" ಎಂದ. "ಸ್ವಿಚ್ಚಿನತ್ರ ನಿಂತ್ಕೊ."

ಭದ್ರಮ್ಮ ಹೋಗಿ ನಿಂತಳು. ಅದೇ ಕೈ, ಅದೇ ಸ್ವಿಚ್ಚು. ಒತ್ತಿದಳು. ಚೆಲುವಯ್ಯ ಎರಡೂ ತೋಳು ಚಾಚಿ ಡ್ರಿಲ್ಲು ಹಿಡಿದು ಬೆರಳು ಒತ್ತಿದ. ಗುಂಯ್ ಎಂದು ಶುರುವಾದ ಸದ್ದು ಮರದೊಳಗೆ ಇಳಿದು ಕುಗ್ಗಿತು, ಹೊರಗೆ ಬಂದು ಏರಿತು. ಒಂದು ತೂತು. ಮತ್ತೆ ಕುಗ್ಗಿತು, ಮತ್ತೆ ಏರಿತು. ಅವನ ಕೈ ನಡುಗುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿ, ಸದ್ದೊಂದನ್ನೇ ಹಿಡಿದುಕೊಂಡು, ಪ್ರತಿ ಸಲ ಅದು ಕುಗ್ಗಿದಾಗ ಉಸಿರು ಬಿಡುತ್ತಾ, ಏರಿದಾಗ ಉಸಿರು ಕಟ್ಟುತ್ತಾ ನಿಂತಳು. ಇನ್ನು ಮುಂದೆ ತನ್ನ ಬದುಕೆಲ್ಲ ಹೀಗೇ ಎಂದು ಅವಳಿಗೆ ಗೊತ್ತಾಗಿತ್ತು.

ಹನ್ನೊಂದನೇ ತೂತಿನ ನಡುವೆ ಸದ್ದು ನಿಂತುಹೋಯಿತು.

ಶೆಡ್ಡಿನಲ್ಲಿ ಏನೂ ಕೇಳಿಸಲಿಲ್ಲ. ಭದ್ರಮ್ಮನಿಗೆ ಕಣ್ಣು ತೆರೆಯಲು ಧೈರ್ಯ ಬರಲಿಲ್ಲ.

"ರೀ?" ಎಂದಳು.

"ಇದ್ದೀನಿ ಕಣೆ" ಎಂದ ಅವನು. "ಕರೆಂಟ್ ಓಯ್ತು. ಸ್ವಿಚ್ ಆರ್ಸು."

ಅವಳು ಆಗಲೇ ಆರಿಸಿದ್ದಳು.